ಎಲ್ಲರ ಉಸಿರೂ ಹದಿನೆಂಟು

ಯಾವುದೇ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಹಳೆಯ ಕೇಸ್‌ಶೀಟುಗಳ ಕಟ್ಟು ಬಿಚ್ಚಿ ನೋಡಿ. ಬಿಪಿ, ನಾಡಿ, ಜ್ವರ ಒಬ್ಬೊಬ್ಬರದು ಒಂದೊಂದು ತರ ಇರುತ್ತದೆ. ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯುವ ಉಸಿರಾಟದ ಕಾಲಂಗೆ ಬನ್ನಿ: 18, 18, 20, 18, 18. ಕಾಲು ಉಳುಕಿಸಿಕೊಂಡು ಬಂದ ಕಾಲೇಜು ಹುಡುಗನಿಗೂ 18, ನ್ಯುಮೋನಿಯಾ ಆಗಿ ಏದುಸಿರು ಬಿಡುತ್ತಿದ್ದ ಅಜ್ಜಿಗೂ 18. ಇದೇನು ಕೊಡಗಿನ ವಿಶೇಷವಲ್ಲ. ಹೊರದೇಶದ ದೊಡ್ಡ ಆಸ್ಪತ್ರೆಗಳ ದಾಖಲೆಗಳಲ್ಲೂ ಉಸಿರಾಟದ ಸಂಖ್ಯೆಗಳು ಹೀಗೇ ಎರಡು ಮೂರು ಅಂಕಿಗಳ ಸುತ್ತ ಗುಂಪುಗಟ್ಟುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ. ನಾನು ಎಮರ್ಜೆನ್ಸಿ ಮೆಡಿಸಿನ್ ಓದಿ, ಮಡಿಕೇರಿಯ ಮಳೆಯಲ್ಲಿ ರಾತ್ರಿ ಡ್ಯೂಟಿ ಮಾಡಿಕೊಂಡಿದ್ದವಳು, ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ ಕಡೆಗೆ ಹೊರಳಿದ್ದು ಈ ಹದಿನೆಂಟರ ಜಾಡು ಹಿಡಿದು.

ಊರಲ್ಲಿ ಮದುವೆಗೋ ನಾಮಕರಣಕ್ಕೋ ಹೋದರೆ ‘ಡಾಕ್ಟ್ರ ಕೆಲಸ ಬಿಟ್ಟು ಕಂಪ್ಯೂಟರ್ ರಿಪೇರಿ ಮಾಡ್ತಿದ್ದೀಯಂತೆ’ ಎಂದು ಕೇಳುವವರಿದ್ದಾರೆ. ಬಿಟ್ಟಿಲ್ಲ, ಈಗಲೂ ಡ್ಯೂಟಿ ಮಾಡುತ್ತೇನೆ. ರೋಗಿಯ ಬಗ್ಗೆ ಗೊತ್ತಾದದ್ದನ್ನು ಯಾರು ಬರೆಯಬೇಕು, ಎಷ್ಟು ಬರೆಯಬೇಕು, ಬರೆದದ್ದು ಬೇಕಾದ ಹೊತ್ತಿಗೆ ಬೇಕಾದವರ ಕಣ್ಣಿಗೆ ಹೇಗೆ ಬೀಳಬೇಕು ಎಂದು ತಲೆಕೆಡಿಸಿಕೊಳ್ಳುವುದು ಈ ಶಾಖೆಯ ಕೆಲಸ. ಅಮೆರಿಕದಲ್ಲಿ 2011ರಲ್ಲಿ ಇದನ್ನು ವೈದ್ಯಕೀಯದ ಉಪವಿಭಾಗ ಎಂದು ಒಪ್ಪಿಕೊಂಡರು, 2013ರಲ್ಲಿ ತಜ್ಞರೆಂದು ಮಾನ್ಯತೆ ಕೊಡುವ ಮೊದಲ ಬೋರ್ಡ್ ಪರೀಕ್ಷೆ ನಡೆಯಿತು. ನಮ್ಮಲ್ಲಿ ಎಮರ್ಜೆನ್ಸಿ ಮೆಡಿಸಿನ್ ಎಂಡಿಗೇ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಅದರ ಮೇಲೆ ಇನ್ಫರ್ಮ್ಯಾಟಿಕ್ಸ್ ಓದುತ್ತೇನೆ ಎಂದರೆ ಹೋಗಿ ಕೂರಲು ನನಗೆ ಎಂಡಿ ನಂತರ ಓದುವ ಡಿಎಂ ಸೀಟು ಇರಲಿಲ್ಲ. ಆನ್‌ಲೈನ್ ಕೋರ್ಸು, ಸಿಕ್ಕಿದ ಪುಸ್ತಕ, ಸಾಫ್ಟ್‌ವೇರ್ ಕಂಪನಿಯ ಹುಡುಗರ ಜೊತೆ ಜಗಳ, ಹೀಗೇ ಕಲಿತದ್ದು. ಆ ಓದಿನ ಕಥೆಯಲ್ಲಿ ಹೇಳುವಂಥದ್ದು ಹೆಚ್ಚೇನಿಲ್ಲ.

ನಿಜವಾದ ಪಾಠ ಅದಕ್ಕೂ ಮೊದಲೇ ಆಗಿತ್ತು. ನಮ್ಮಪ್ಪ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹೊರಗಿನವರಿಗೆ ಹೇಳಬೇಕೆಂದರೆ, ರೈಟರ್ ಅಂದರೆ ಆಳುಗಳ ಹಾಜರಿ, ತೂಕ, ಬಟವಾಡೆ ಬರೆಯುವವರು. ರೋಬಸ್ಟಾ ಕುಯ್ಲು ಜನವರಿಯಿಂದ ಮಾರ್ಚಿನವರೆಗೆ. ಆಗ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ನಾಲ್ಕೂವರೆ ಹೊತ್ತಿಗೆ ಕಣದ ಪಕ್ಕದ ಮರಕ್ಕೆ ಮುಳ್ಳಿನ ತಕ್ಕಡಿ ನೇತು ಹಾಕುತ್ತಿದ್ದರು. ಒಬ್ಬೊಬ್ಬರೇ ಗೊಬ್ಬರದ ಚೀಲದಲ್ಲಿ ತುಂಬಿದ ಹಣ್ಣು ತಂದು ಕೊಕ್ಕೆಗೆ ಸಿಕ್ಕಿಸಬೇಕು. ಮೇಸ್ತ್ರಿ ತೂಕ ಕೂಗುತ್ತಾನೆ, ಅಪ್ಪ ಬರೆಯುತ್ತಾರೆ. ಓದು ಬರಹ ಗೊತ್ತಿಲ್ಲದ ಹೆಂಗಸರೂ ತಕ್ಕಡಿಯ ಮುಳ್ಳಿನ ಮೇಲೆ ಇಟ್ಟ ಕಣ್ಣು ತೆಗೆಯುತ್ತಿರಲಿಲ್ಲ. ‘ರೈಟ್ರೇ, ತಡೀರಿ, ಮುಳ್ಳು ಇನ್ನೂ ನಿಂತಿಲ್ಲ’ ಎಂದು ಅಪ್ಪನ ಕೈಯನ್ನೇ ತಡೆದ ಒಬ್ಬಾಕೆಯನ್ನು ನಾನು ನೋಡಿದ್ದೇನೆ. ಅಪ್ಪ ಪೆನ್ನು ಎತ್ತಿಕೊಂಡು ಕಾದರು. ಚೀಲ ಅಲುಗಾಡುವುದು ನಿಂತಿತು. ಬರೆದರು. ಶನಿವಾರ ಬಟವಾಡೆಯಲ್ಲಿ ಅರ್ಧ ಕಿಲೋ ಏರುಪೇರಾದರೂ ಗಲಾಟೆ ಆಗುತ್ತಿತ್ತು.

ಆ ಪುಸ್ತಕದಲ್ಲಿ ಎಲ್ಲರಿಗೂ 60 ಕಿಲೋ ಎಂದು ಬರೆದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಬರೆಸಿಕೊಳ್ಳುವವರಿಗೂ ಬರೆಯುವವರಿಗೂ ಅದರಲ್ಲಿ ಲಾಭ ನಷ್ಟ ಇತ್ತು, ಅದೂ ಅದೇ ವಾರದೊಳಗೆ. ಕ್ಯಾಶುವಾಲ್ಟಿಯಲ್ಲಿ ನಾವು ಬರೆಯುವುದರಲ್ಲಿ ಬರೆಯುವ ಸಿಸ್ಟರಿಗೆ ಸಿಗುವುದೇನು? ಏನೂ ಇಲ್ಲ. ಅಂಕಿ ಮೇಲಕ್ಕೆ ಹೋಗುತ್ತದೆ, ಎಲ್ಲೋ ವರದಿಯಾಗುತ್ತದೆ, ಮತ್ತೆ ಕೆಳಗಿಳಿದು ಬರುವುದಿಲ್ಲ.

ಇದನ್ನು ನಾನಾಗಿ ಕಂಡುಹಿಡಿದದ್ದಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದಾಗ ಎಲ್ಲ ಕಾಲಂಗೂ ಕೆಂಪು ನಕ್ಷತ್ರ ಇತ್ತು, ಎಲ್ಲವೂ ಕಡ್ಡಾಯ. ಒಂದು ರಾತ್ರಿ, ರೋಗಿಯ ಹತ್ತಿರ ಇನ್ನೂ ಹೋಗದೆ ಸಿಸ್ಟರ್ 18 ಎಂದು ಒತ್ತಿದ್ದು ನೋಡಿ ಯಾಕೆ ಎಂದು ಕೇಳಿದೆ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಕಂಪ್ಯೂಟರಿಗಿಂತ ಬೇಗ ಯೋಚನೆ ಮಾಡುವವರು.

‘ಮೇಡಂ, ಆ ಬಾಕ್ಸ್ ಖಾಲಿ ಬಿಟ್ರೆ ಸೇವ್ ಆಗಲ್ಲ. ಸೇವ್ ಆಗ್ದಿದ್ರೆ ಫಾರ್ಮಸಿಗೆ ಇಂಜೆಕ್ಷನ್ ಇಂಡೆಂಟ್ ಹೋಗಲ್ಲ. ಇಲ್ಲಿ ಮೂರು ಜನ ಮಲಗಿದ್ದಾರೆ, ನಿಂತು ಒಂದು ನಿಮಿಷ ಎಣಿಸೋಕೆ ಯಾರಿಗೆ ಪುರುಸೊತ್ತು? 18 ಹೊಡೆದ್ರೆ ಯಾರೂ ಕೇಳಲ್ಲ. ಖಾಲಿ ಬಿಟ್ರೆ ಮೀಟಿಂಗಲ್ಲಿ ಕೇಳ್ತಾರೆ.’

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ‘ನೋಡಿಲ್ಲ’ ಎಂದು ಬರೆಯಲು ಜಾಗವೇ ಕೊಡದ ಫಾರಂ, ನೋಡಿದ್ದೇನೆ ಎಂದು ಸುಳ್ಳು ಬರೆಸಿಕೊಳ್ಳುತ್ತದೆ. ಆಮೇಲೆ ಮೀಟಿಂಗಿನಲ್ಲಿ ‘ದಾಖಲಾತಿ ಶೇಕಡಾ 100’ ಎಂದು ಚಪ್ಪಾಳೆ.

ಈ ಸುಳ್ಳು ಸಣ್ಣದಲ್ಲ. ದೇಹ ಕೆಡಲು ಶುರುವಾದಾಗ ಬಿಪಿ ಬೀಳುವ ಎಷ್ಟೋ ಮೊದಲು ಉಸಿರಾಟ ಏರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ನ್ಯೂಸ್ ಎಂಬ ಅಂಕಪಟ್ಟಿ ಇದೆ, ರೋಗಿ ಎಷ್ಟು ಅಪಾಯದಲ್ಲಿದ್ದಾರೆ ಎಂದು ಲೆಕ್ಕ ಹಾಕಲು. ಅದರಲ್ಲಿ ಉಸಿರಾಟ 12ರಿಂದ 20ರ ಒಳಗಿದ್ದರೆ ಸೊನ್ನೆ, 21ರಿಂದ 24 ಇದ್ದರೆ 2, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ 3 ಅಂಕ. ಒಂದೇ ಅಳತೆಗೆ 3 ಅಂಕ ಬಂದರೂ ವೈದ್ಯರು ಬೇಗ ಬಂದು ನೋಡಬೇಕು ಎಂಬುದು ನಿಯಮ. ಮೊದಲು ಹೇಳಿದ ನ್ಯುಮೋನಿಯಾದ ಅಜ್ಜಿಯ ಉಸಿರಾಟ 28 ಇದ್ದಾಗ 18 ಎಂದು ಬರೆದರೆ ಅಂಕ ಸೊನ್ನೆ. ಎಂಥ ಬುದ್ಧಿವಂತ ಕಂಪ್ಯೂಟರಾದರೂ ಆಕೆಯನ್ನು ಸಾಲಿನ ಹಿಂದಕ್ಕೆ ಕಳಿಸುತ್ತದೆ. ಈಗ ಕೃತಕ ಬುದ್ಧಿಮತ್ತೆ ಬಂದು ಎಲ್ಲ ಸರಿಮಾಡುತ್ತದೆ ಎನ್ನುವವರಿಗೆ ನಾನು ಈ ಕಾಲಂ ತೋರಿಸುತ್ತೇನೆ.

ಇನ್ನು ಹಾವಿನ ವಿಷಯ. ಕೊಡಗಿನ ಕ್ಯಾಶುವಾಲ್ಟಿಯ ಬಗ್ಗೆ ಬರೆದು ಹಾವು ಬಿಟ್ಟರೆ ಹೇಗೆ? ಕಳೆ ತೆಗೆಯುವಾಗ, ಕಾಳುಮೆಣಸಿನ ಬಳ್ಳಿಯ ಬುಡ ಬಿಡಿಸುವಾಗ, ಕತ್ತಲಲ್ಲಿ ಆಳುಗಳ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ, ಹೊರಗೆ ಕಾಲಿಟ್ಟಾಗ ಕಡಿತವಾಗುತ್ತದೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅದನ್ನು ಪತ್ತೆ ಮಾಡಲು ನಮ್ಮ ಹತ್ತಿರ ಇರುವ ಒಳ್ಳೆಯ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬು. ಪ್ಲಾಸ್ಟಿಕ್ ಆಗದು, ಸೋಪಿನಲ್ಲಿ ತೊಳೆದದ್ದೂ ಆಗದು. ಅದರಲ್ಲಿ 2 ಎಂಎಲ್ ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡುವುದು. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ಹಾವಿನ ವಿಷಕ್ಕೆ ಕೊಡುವ ಔಷಧ, ಆಂಟಿವೆನಮ್, ಶುರು ಮಾಡಬೇಕು. ಮತ್ತೆ ಆರು ಗಂಟೆಯ ನಂತರ ಅದೇ ಪರೀಕ್ಷೆ, ಅದನ್ನು ನೋಡಿ ಮುಂದಿನ ತೀರ್ಮಾನ.

ನಮ್ಮ ದೇಶದ ಆಂಟಿವೆನಮ್ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣದ, ಮೂಗಿನ ತುದಿ ಮೇಲಕ್ಕೆ ಎದ್ದ ಸಣ್ಣ ಹಾವೊಂದಿದೆ, ಹಂಪ್‌ನೋಸ್ಡ್ ಪಿಟ್ ವೈಪರ್. ಅದೂ ರಕ್ತ ಕೆಡಿಸುತ್ತದೆ, ಕೆಲವರಲ್ಲಿ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಈ ಆಂಟಿವೆನಮ್ ಅದಕ್ಕೆ ಕೆಲಸ ಮಾಡುವುದಿಲ್ಲ. ಹಾಗಾಗಿ ಆಂಟಿವೆನಮ್ಮಿನ ಹತ್ತು ವಯಲ್, ಅಂದರೆ ಹತ್ತು ಸೀಸೆ, ಕೊಟ್ಟು ಆರು ಗಂಟೆ ಕಳೆದರೂ ಟ್ಯೂಬಿನಲ್ಲಿ ರಕ್ತ ಹರಿಯುತ್ತಿದ್ದರೆ ಪ್ರಶ್ನೆ ಎರಡು: ಡೋಸ್ ಸಾಲಲಿಲ್ಲವೋ, ಹಾವೇ ಬೇರೆಯೋ? ಉತ್ತರ ಬೇಕಾದರೆ ಕಡಿದದ್ದು ಎಷ್ಟು ಹೊತ್ತಿಗೆ, ಮೊದಲ ವಯಲ್ ಎಷ್ಟು ಹೊತ್ತಿಗೆ, ಯಾವ ಟ್ಯೂಬ್ ಯಾವಾಗ ಓರೆ ಮಾಡಿದ್ದು, ಇಷ್ಟೂ ಸಾಲಾಗಿ ಕಣ್ಣೆದುರು ಇರಬೇಕು.

ಈಗ ಆ ರೋಗಿಯನ್ನು ಮೈಸೂರಿಗೆ ಕಳಿಸಿ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಜೊತೆಗೆ ಹೋಗುವ ಚೀಟಿಯಲ್ಲಿ ‘ಹಾವು ಕಡಿತ, ಎಎಸ್‌ವಿ (ಆಂಟಿವೆನಮ್) ಕೊಡಲಾಗಿದೆ, ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ’ ಎಂದು ಒಂದೂವರೆ ಸಾಲು. ಎಷ್ಟು ವಯಲ್? ಯಾವಾಗ? ಆಂಬುಲೆನ್ಸಿನಲ್ಲಿ ಜೊತೆಗಿರುವ ಮೈದುನನಿಗೆ ಗೊತ್ತಿಲ್ಲ. ಅಲ್ಲಿನ ಡ್ಯೂಟಿ ಡಾಕ್ಟರ್ ಮೊದಲಿನಿಂದ ಶುರು ಮಾಡುತ್ತಾರೆ, ಬೇರೆ ದಾರಿ ಇಲ್ಲ. ಮತ್ತೆ ಆ ರೋಗಿ ಏನಾದರು ಎಂದು ನಮಗೂ ತಿಳಿಯುವುದಿಲ್ಲ. ಎಮರ್ಜೆನ್ಸಿ ಡಾಕ್ಟರುಗಳು ಇಷ್ಟು ಜನ ಈ ಇನ್ಫರ್ಮ್ಯಾಟಿಕ್ಸ್ ಕಡೆಗೆ ಯಾಕೆ ಹೋಗುತ್ತಾರೆ ಎಂದರೆ ಇದಕ್ಕೇ ಎಂದು ನನ್ನ ಅನಿಸಿಕೆ. ನಮ್ಮ ಮುಂದೆ ಬರುವವರ ಹಿಂದಿನ ಕಥೆ ನಮಗೆ ಗೊತ್ತಿರುವುದಿಲ್ಲ, ಮುಂದಿನದಂತೂ ಇಲ್ಲವೇ ಇಲ್ಲ. ಬೇರೆ ವಿಭಾಗದವರು ಈ ಹಿಂಸೆಯನ್ನು ಆಗಾಗ ಅನುಭವಿಸುತ್ತಾರೆ, ನಾವು ದಿನಾ.

ಹೀಗಿರುವಾಗ ಕಂಪ್ಯೂಟರಿನ ಮೇಲೆ ನನಗೆ ಆಸೆ ಹುಟ್ಟಿದ್ದು ಒಂದು ಹಳೆಯ ಲೇಖನ ಓದಿ. ಅಮೆರಿಕದ ಇಂಡಿಯಾನಾದ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 1976ರಲ್ಲಿ ಪ್ರಕಟಿಸಿದ್ದು. ರೋಗಿಯ ದಾಖಲೆ ನೋಡಿ ‘ಇದನ್ನು ಗಮನಿಸಿ’ ಎಂದು ಕಂಪ್ಯೂಟರ್ ನೆನಪಿಸಿದಾಗ ವೈದ್ಯರು ಶೇಕಡಾ 51ರಷ್ಟು ಸಂದರ್ಭಗಳಲ್ಲಿ ಕ್ರಮ ಕೈಗೊಂಡರು, ನೆನಪಿಸದಿದ್ದಾಗ ಶೇಕಡಾ 22ರಷ್ಟರಲ್ಲಿ ಮಾತ್ರ. ಕೈತಪ್ಪುವುದು ಓದಿದ್ದು ಸಾಲದೆ ಅಲ್ಲ, ಇಷ್ಟೊಂದನ್ನು ಒಂದು ತಲೆ ಹಿಡಿದಿಟ್ಟುಕೊಳ್ಳಲಾರದು ಎಂಬುದು ಅವರ ವಾದ. ಡ್ಯೂಟಿಯ ಹನ್ನೊಂದನೇ ಗಂಟೆಯಲ್ಲಿರುವ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ.

ಆದರೆ ನೆನಪಿಸುವುದಕ್ಕೂ ಹದ ಬೇಕು. ಬೆಳೆಗೆ ಹೊಡೆಯುವ ಕೆಲವು ಬಗೆಯ ಕೀಟನಾಶಕ ಕುಡಿದು ಬಂದವರಿಗೆ ಅಟ್ರೋಪಿನ್ ಕೊಡುತ್ತೇವೆ. ಒಂದು ಆಂಪ್ಯೂಲಿನಲ್ಲಿ, ಅಂದರೆ ಪುಟ್ಟ ಗಾಜಿನ ಸೀಸೆಯಲ್ಲಿ, ಇರುವುದು 0.6 ಎಂಜಿ. ಮೊದಲಿಗೆ ಮೂರು ಆಂಪ್ಯೂಲ್, ಐದು ನಿಮಿಷ ಬಿಟ್ಟು ಎದೆಯ ಗೊರಗೊರ ಹೋಗಿರದಿದ್ದರೆ ಆರು, ಮತ್ತೆ ಹನ್ನೆರಡು, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ನಮ್ಮ ಸಾಫ್ಟ್‌ವೇರ್ ಪ್ರತಿ ಸಲವೂ ‘ಅಟ್ರೋಪಿನ್ ಪ್ರಮಾಣ ಮಿತಿ ಮೀರಿದೆ, ಮುಂದುವರಿಯಬೇಕೇ?’ ಎಂದು ಪರದೆಗೆ ಅಡ್ಡ ನಿಲ್ಲುತ್ತಿತ್ತು. ಕಾರಣ ಬರೆಯಿರಿ ಎಂಬ ಬಾಕ್ಸ್ ಬೇರೆ. ಅದರಲ್ಲಿ ಎಲ್ಲರೂ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಿದ್ದರು. ವೈದ್ಯರು ಇಂಥ ಔಷಧ ಎಚ್ಚರಿಕೆಗಳಲ್ಲಿ ಶೇಕಡಾ 49ರಿಂದ 96ರಷ್ಟನ್ನು ತಳ್ಳಿಹಾಕುತ್ತಾರೆ ಎಂದು ಹಲವು ಅಧ್ಯಯನಗಳ 2006ರ ಒಂದು ಸಮೀಕ್ಷೆ ಹೇಳಿತ್ತು. ಚುಕ್ಕಿ ಒತ್ತಿ ಅಭ್ಯಾಸವಾದ ಬೆರಳು ನಿಜವಾದ ಅಪಾಯದ ಎಚ್ಚರಿಕೆ ಬಂದಾಗಲೂ ಚುಕ್ಕಿಯನ್ನೇ ಒತ್ತುತ್ತದೆ.

ಸಾಫ್ಟ್‌ವೇರ್ ಮಾಡಿದವರು ನಮ್ಮ ಊರು ನೋಡಿರಲಿಲ್ಲ ಎನ್ನುವುದು ನೋಂದಣಿ ಕೌಂಟರಿನಲ್ಲೇ ಗೊತ್ತಾಗುತ್ತಿತ್ತು. ಮೊಬೈಲ್ ನಂಬರ್ ಹೊಡೆದರೆ ಹಳೆಯ ರೋಗಿಯ ದಾಖಲೆ ತೆರೆಯಬೇಕು ಎಂಬುದು ಅದರ ಯೋಜನೆ. ಬೆಂಗಳೂರಿನಲ್ಲಿ ಒಬ್ಬರಿಗೊಂದು ನಂಬರ್ ಇದ್ದೀತು. ಇಲ್ಲಿ ಒಂದು ಲೈನಿನ ಇಪ್ಪತ್ತು ಮನೆಯವರು ಕೊಡುವುದು ಮೇಸ್ತ್ರಿಯ ನಂಬರ್, ಇಲ್ಲವೇ ರೈಟರ ನಂಬರ್. ಓಟಿಪಿ ಹೋಗುವುದೂ ಅವರಿಗೇ. ಅಸ್ಸಾಮಿನಿಂದ ಕುಯ್ಲಿಗೆ ಬಂದವರ ಹೆಸರನ್ನು ಒಂದೊಂದು ಸಲ ಒಂದೊಂದು ತರ ಬರೆಯುತ್ತಾರೆ. ಊರಿಗೆ ಹೋಗಿ ಮುಂದಿನ ವರ್ಷ ಬಂದಾಗ ಅವರು ಹೊಸ ರೋಗಿ. ಎರವರ ಹಾಡಿಯಿಂದ ಬಂದ ಹೆಂಗಸಿನ ದಾಖಲೆ ತೆಗೆದರೆ ಅದೇ ಹೆಸರಿನ ಇನ್ನೊಬ್ಬಳ ರಕ್ತದ ಗುಂಪು. ಒಬ್ಬೊಬ್ಬರ ಆರೋಗ್ಯ ದಾಖಲೆಗೆ ಸರ್ಕಾರ ಕೊಡುವ 14 ಅಂಕಿಯ ಆಭಾ ನಂಬರ್ ಈ ತೊಡಕು ಬಿಡಿಸಬಹುದು. ಆ ನಂಬರ್ ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ 2021ರ ಸೆಪ್ಟೆಂಬರಿನಲ್ಲಿ ಶುರುವಾದಾಗ ನಾನೂ ಖುಷಿಪಟ್ಟವಳೇ. ಆದರೆ ನಂಬರ್ ಕೈಯಲ್ಲಿರುವುದಕ್ಕೂ ರಾತ್ರಿ ಎರಡು ಗಂಟೆಗೆ ಪ್ರಜ್ಞೆ ತಪ್ಪಿ ಬಂದವರ ನಂಬರ್ ನಮಗೆ ಸಿಗುವುದಕ್ಕೂ ಬಹಳ ದೂರ.

2018ರ ಆಗಸ್ಟ್ ನೆನಪಿಸಿಕೊಳ್ಳದೆ ಕೊಡಗಿನಲ್ಲಿ ಯಾವ ಯೋಜನೆಯ ಮಾತೂ ಮುಗಿಯುವುದಿಲ್ಲ. ಜೋಡುಪಾಲದಲ್ಲಿ ಗುಡ್ಡ ಜಾರಿ ಮಂಗಳೂರು ರಸ್ತೆ ಮುಚ್ಚಿತು, ಮಕ್ಕಂದೂರು ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದರು. ಗಾಯಕ್ಕಿಂತ ಹೆಚ್ಚಾಗಿ ನಾವು ನೋಡಿದ್ದು ಬಿಪಿ, ಸಕ್ಕರೆ, ಮೂರ್ಛೆ ಕಾಯಿಲೆಯವರನ್ನು. ಮಾತ್ರೆ ಮಣ್ಣಿನಡಿ, ಚೀಟಿ ಮಣ್ಣಿನಡಿ. ‘ಬೆಳಗ್ಗೆ ಒಂದು ಬಿಳಿ, ರಾತ್ರಿ ಅರ್ಧ ಗುಲಾಬಿ, ಅಷ್ಟೇ ಗೊತ್ತು ಡಾಕ್ಟ್ರೇ.’ ಕಾಗದವಾದರೆ ಹೀಗೆ, ಕಂಪ್ಯೂಟರಿನಲ್ಲಿದ್ದಿದ್ದರೆ ಎಷ್ಟು ಚೆನ್ನ ಎಂದುಕೊಂಡೆ. ಆದರೆ ಅದೇ ದಿನಗಳಲ್ಲಿ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಅಂದಿನಿಂದ ಯಾವ ಕಂಪನಿಯವರು ಬಂದು ಪ್ರದರ್ಶನ ಕೊಟ್ಟರೂ ನಾನು ಮೊದಲು ಅವರ ಲ್ಯಾಪ್‌ಟಾಪಿನ ವೈಫೈ ಆರಿಸಿ, ಈಗ ತೋರಿಸಿ ಎನ್ನುತ್ತೇನೆ. ಹಲವರು ಅಲ್ಲಿಗೇ ಚಹಾ ಕುಡಿದು ಹೊರಡುತ್ತಾರೆ.

ಎಲ್ಲವೂ ಎಲ್ಲರಿಗೂ ಕಾಣಬೇಕು ಎಂಬ ಉತ್ಸಾಹವೂ ನನಗೆ ಇಳಿದಿದೆ. ಮಡಿಕೇರಿಯಲ್ಲಿ ಮನೆಹೆಸರು ಹೇಳಿದರೆ ಅಜ್ಜನವರೆಗಿನ ಕಥೆ ಬರುತ್ತದೆ. ವಿಷ ಕುಡಿದು ಬದುಕಿಕೊಂಡ ಹುಡುಗಿಯ ದಾಖಲೆ ಬಿಲ್ಲಿಂಗ್ ಕೌಂಟರಿನಿಂದ ತೆರೆಯುವಂತಿದ್ದರೆ ಸಂಜೆಯೊಳಗೆ ಸಂತೆಯಲ್ಲಿರುತ್ತದೆ. ಯಾರು ಯಾವ ದಾಖಲೆ ತೆರೆದರು ಎಂಬ ಪಟ್ಟಿಯನ್ನು ನಾನು ತಿಂಗಳಿಗೊಮ್ಮೆ ಕೂತು ಓದುತ್ತೇನೆ, ಮತ್ತು ನಾನು ಓದುತ್ತೇನೆ ಎಂಬುದು ಎಲ್ಲರಿಗೂ ಗೊತ್ತು. ಆ ಗೊತ್ತಿರುವಿಕೆಯೇ ಅರ್ಧ ಬೀಗ.

ಈಗ ನಾವು ಮಾಡಿಕೊಂಡಿರುವುದು ದೊಡ್ಡದೇನಲ್ಲ. ಉಸಿರಾಟಕ್ಕೆ ಸಂಖ್ಯೆ ಹೊಡೆಯುವ ಬಾಕ್ಸ್ ತೆಗೆಸಿದೆವು. ಅದರ ಬದಲು ಒಂದು ಬಟನ್: ಎದೆ ಎದ್ದಾಗಲೆಲ್ಲ ಒತ್ತುತ್ತಾ ಹೋದರೆ ನಡುವಿನ ಅಂತರ ನೋಡಿ ನಿಮಿಷಕ್ಕೆಷ್ಟು ಎಂದು ಅದೇ ಲೆಕ್ಕ ಹಾಕುತ್ತದೆ, ಪೂರ್ತಿ ನಿಮಿಷ ನಿಲ್ಲಬೇಕಿಲ್ಲ. ಪಕ್ಕದಲ್ಲೇ ‘ನೋಡಿಲ್ಲ’ ಎಂಬ ಇನ್ನೊಂದು ಬಟನ್. ಆಡಳಿತದವರು ಒಪ್ಪದೆ ಕಾಡಿದ್ದು ಈ ಎರಡನೆಯದಕ್ಕೆ. ವರದಿಯಲ್ಲಿ ತೂತು ಕಾಣುತ್ತದೆ ಎಂಬ ಭಯ. ತೂತು ಇರುವುದು ನಿಜ ತಾನೇ, ಕಂಡರೆ ಎಲ್ಲಿ ಸಿಸ್ಟರ್ ಕಡಿಮೆ ಇದ್ದಾರೆ ಎಂದಾದರೂ ಗೊತ್ತಾಗುತ್ತದೆ ಎಂದು ವಾದಿಸಿ ಗೆದ್ದೆ. ಹಾವು ಕಡಿತಕ್ಕೆ ಒಂದೇ ಪುಟ: ಕಡಿದ ಹೊತ್ತು, ಟ್ಯೂಬ್ ಇಟ್ಟ ಹೊತ್ತು, ಓರೆ ಮಾಡಿದ ಹೊತ್ತು, ವಯಲ್‌ಗಳ ಲೆಕ್ಕ. ಟ್ಯೂಬ್ ಇಟ್ಟೆ ಎಂದು ಒತ್ತಿದರೆ 20 ನಿಮಿಷಕ್ಕೆ ಸದ್ದು ಮಾಡುತ್ತದೆ. ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಕಳಿಸುವಾಗ ರೆಫರಲ್ ಪತ್ರ ಇದರಿಂದಲೇ ತಾನಾಗಿ ಪ್ರಿಂಟ್ ಆಗಿ ಬರುತ್ತದೆ, ಸಿಸ್ಟರ್ ಕೈಯಲ್ಲಿ ಬರೆಯಬೇಕಿಲ್ಲ. ಈ ಪುಟವನ್ನು ಯಾರೂ ಕಡ್ಡಾಯ ಮಾಡಲಿಲ್ಲ. ಬರೆದರೆ ರಾತ್ರಿಯ ಅರ್ಧ ಗಂಟೆ ಕೆಲಸ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಅವರಾಗಿಯೇ ತುಂಬಿಸತೊಡಗಿದರು. ಉಸಿರಾಟದ ಕಾಲಂನಲ್ಲಿ ಈಗ 23, 31, 17 ಎಲ್ಲ ಬರುತ್ತಿವೆ.

ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದವುಗಳ ಪಟ್ಟಿಗೆ ಸೇರಿಸಿತು. ಸಾವುಗಳನ್ನು 2030ರೊಳಗೆ ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆಯೂ ಅದೇ ವರ್ಷ ಬಂತು. ಒಳ್ಳೆಯದೇ. ಆದರೆ ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ 10ರ ಟಿ63.0 ಎಂಬ ಕೋಡಿನ ಮಟ್ಟಕ್ಕೆ ನಿಂತರೆ ನಾಗರಹಾವೂ ಒಂದೇ, ಮಂಡಲವೂ ಒಂದೇ. ಆರು ಗಂಟೆಯ ಟ್ಯೂಬಿನಲ್ಲಿ ಏನಾಯಿತು ಎಂಬುದೂ ಜೊತೆಗೆ ಹೋದರೆ ಮಾತ್ರ ಈ ಘಟ್ಟದ ಹಾವಿಗೂ ಔಷಧ ಬೇಕು ಎಂದು ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ಸದ್ಯಕ್ಕೆ ಕಂಪನಿಯವರ ಜೊತೆ ನಡೆಯುತ್ತಿರುವ ಜಗಳ ಜನ್ಮದಿನಾಂಕದ್ದು. ವಯಸ್ಸು ಕೇಳಿದರೆ ‘ಅರವತ್ತು ಆಗಿರಬಹುದು’ ಎನ್ನುವವರಿಗೆ ತಾರೀಖು ಎಲ್ಲಿಂದ ತರುವುದು? ಕೌಂಟರಿನ ಹುಡುಗ 01-01 ಹಾಕಿ ವರ್ಷ ಕಳೆದು ಬರೆಯುತ್ತಾನೆ. ನಮ್ಮ ದಾಖಲೆ ನಂಬಿದರೆ ಲೈನ್ ಮನೆಗಳಲ್ಲಿ ಎಲ್ಲರ ಹುಟ್ಟುಹಬ್ಬವೂ ಜನವರಿ ಒಂದಕ್ಕೆ. ಆಸ್ಪತ್ರೆಗಳ ಕಂಪ್ಯೂಟರುಗಳು ದಾಖಲೆ ಹಂಚಿಕೊಳ್ಳಲೆಂದು ಡಿಜಿಟಲ್ ಮಿಷನ್ ಬಳಸುವ ಫೈರ್ (FHIR) ಮಾನದಂಡದಲ್ಲಿ ಜನ್ಮದಿನಾಂಕಕ್ಕೆ ಬರೀ ವರ್ಷ ಕೊಟ್ಟರೂ ನಡೆಯುತ್ತದೆ, ತಿಂಗಳು ತಾರೀಖು ಬೇಕೇ ಬೇಕು ಎಂದೇನಿಲ್ಲ. ಆ ಪುಟವನ್ನು ಪ್ರಿಂಟ್ ತೆಗೆದು ಗೆರೆ ಎಳೆದು ಕಳಿಸಿದ್ದೇನೆ. ಮುಂದಿನ ಅಪ್‌ಡೇಟಿನಲ್ಲಿ ನೋಡೋಣ ಎಂದಿದ್ದಾರೆ.